ಆಮ್ಲಜನಕ ಇದೆಯೋ ಇಲ್ಲವೋ ಅಂತ ಬ್ಯಾಕ್ಟೀರಿಯಾಗೆ ಹೇಗೆ ಗೊತ್ತಾಗುತ್ತೆ? ಅದಕ್ಕೂ ರೋಗಕ್ಕೂ ಏನು ಸಂಬಂಧ?

ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸೋದು ನನ್ನ ದಿನದ ಕೆಲಸ. ನಿಮ್ಮ ಪ್ರಶ್ನೆ ಓದಿದಾಗ ಒಂದು ಬೆಳಿಗ್ಗೆ ನೆನಪಾಯಿತು. ಇ. ಕೋಲೈ ಅನ್ನುವ ಕರುಳಿನ ಬ್ಯಾಕ್ಟೀರಿಯಾ ಇದ್ದ ಫ್ಲಾಸ್ಕ್‌ಗಳನ್ನು ಅಲುಗಿಸುವ ಶೇಕರ್‌ನ ಮೋಟಾರ್ ರಾತ್ರಿ ಕೆಟ್ಟು ನಿಂತಿತ್ತು. ಬಿಸಿ 37 ಡಿಗ್ರಿಯೇ ಇತ್ತು, ಆಹಾರವೂ ಅಷ್ಟೇ ಇತ್ತು. ಆದರೆ ದಟ್ಟವಾಗಿ ಮಬ್ಬಾಗಬೇಕಿದ್ದ ದ್ರವ, ಅಕ್ಕಿ ತೊಳೆದ ಎರಡನೇ ನೀರಿನಷ್ಟು ತೆಳುವಾಗಿತ್ತು. ಗಾಳಿ ಬೆರೆತಿರಲಿಲ್ಲ, ಅಷ್ಟೇ.

ಗಾಳಿ ಕಡಿಮೆಯಾದರೆ ಇ. ಕೋಲೈ ಸಾಯುವುದಿಲ್ಲ, ಬದುಕುವ ರೀತಿ ಬದಲಿಸುತ್ತದೆ. ಆ ಬದಲಾವಣೆ ಮಾಡಿಸುವ ಮುಖ್ಯ ಪ್ರೋಟೀನ್ ಎಫ್‌ಎನ್‌ಆರ್. ಅದರೊಳಗೆ ನಾಲ್ಕು ಕಬ್ಬಿಣ, ನಾಲ್ಕು ಗಂಧಕದ ಪರಮಾಣುಗಳ ಒಂದು ಗೊಂಚಲಿದೆ. ಆಮ್ಲಜನಕ ಇಲ್ಲದಾಗ ಗೊಂಚಲು ಗಟ್ಟಿಯಾಗಿರುತ್ತದೆ. ಆಗ ಎರಡು ಎಫ್‌ಎನ್‌ಆರ್ ಜೋಡಿಯಾಗಿ ಡಿಎನ್‌ಎ ಮೇಲೆ ಕೂರುತ್ತವೆ, ನೂರಕ್ಕೂ ಹೆಚ್ಚು ಜೀನ್‌ಗಳ ಕೆಲಸ ಬದಲಾಗುತ್ತದೆ. ಆಮ್ಲಜನಕ ಬಂದರೆ ಗೊಂಚಲು ಮುರಿಯುತ್ತದೆ, ಜೋಡಿ ಬಿಡಿಸಿಕೊಳ್ಳುತ್ತದೆ. ಕಬ್ಬಿಣಕ್ಕೂ ಆಮ್ಲಜನಕಕ್ಕೂ ಇರುವ ಹಳೆಯ ನಂಟನ್ನೇ ಒಂದು ಸ್ವಿಚ್ ಮಾಡಿಕೊಂಡಿದೆ ಈ ಪುಟ್ಟ ಜೀವಿ. ಇಷ್ಟು ವರ್ಷವಾದರೂ ನನಗೆ ಇದು ಬೆರಗೇ.

ಇನ್ನು ರೋಗದ ವಿಷಯ. ದೇಹದೊಳಗೆ ತಾನು ಎಲ್ಲಿದ್ದೇನೆ ಅನ್ನೋದನ್ನು ಎಷ್ಟೋ ಬ್ಯಾಕ್ಟೀರಿಯಾಗಳು ಆಮ್ಲಜನಕದಿಂದಲೇ ತಿಳಿಯುತ್ತವೆ. ರಕ್ತಭೇದಿ ತರುವ ಶಿಗೆಲ್ಲಾ ನೋಡಿ. ಕರುಳಿನ ನಡುವೆ ಆಮ್ಲಜನಕ ಇಲ್ಲವೇ ಇಲ್ಲ ಅನ್ನಬಹುದು. ಅಲ್ಲಿ ಶಿಗೆಲ್ಲಾದ ಎಫ್‌ಎನ್‌ಆರ್, ದಾಳಿಗೆ ಬೇಕಾದ ಎರಡು ಜೀನ್‌ಗಳನ್ನು ತಡೆಹಿಡಿಯುತ್ತದೆ. ನಮ್ಮ ಜೀವಕೋಶಕ್ಕೆ ಚುಚ್ಚುವ ಸೂಜಿ ಉದ್ದವಾಗಿ ಸಿದ್ಧವಾಗಿರುತ್ತದೆ, ಆದರೆ ಅದರ ಮೂಲಕ ದಾಳಿಯ ಪ್ರೋಟೀನ್‌ಗಳು ಹೊರಬರುವುದಿಲ್ಲ. ಕರುಳಿನ ಗೋಡೆಯ ಹತ್ತಿರ ರಕ್ತನಾಳಗಳಿಂದ ಒಂದಿಷ್ಟು ಆಮ್ಲಜನಕ ಸೋರುತ್ತಿರುತ್ತದೆ. ಅಲ್ಲಿಗೆ ಬಂದ ಕೂಡಲೇ ತಡೆ ಹೋಗುತ್ತದೆ, ದಾಳಿ ಶುರುವಾಗುತ್ತದೆ. 2010ರಲ್ಲಿ ಪ್ರಕಟವಾದ ಸಂಶೋಧನೆ ಇದು. ಶಿಗೆಲ್ಲಾ ಸುಮ್ನೆ ಕರುಳಿನ ನಡುವೆ ಶಕ್ತಿ ವ್ಯರ್ಥ ಮಾಡುವುದಿಲ್ಲ.

ಕ್ಷಯದ ಬ್ಯಾಕ್ಟೀರಿಯಾ ಇದಕ್ಕೆ ತದ್ವಿರುದ್ಧ. ಅದಕ್ಕೆ ಬೆಳೆಯಲು ಆಮ್ಲಜನಕ ಬೇಕೇ ಬೇಕು. ಶ್ವಾಸಕೋಶದ ಗಂಟುಗಳೊಳಗೆ ಆಮ್ಲಜನಕ ಕಡಿಮೆಯಾದಾಗ ಡಾಸ್‌ಆರ್ ಅನ್ನುವ ಪ್ರೋಟೀನ್ ಸುಮಾರು 50 ಜೀನ್‌ಗಳನ್ನು ಎಬ್ಬಿಸುತ್ತದೆ. ಬ್ಯಾಕ್ಟೀರಿಯಾ ಬೆಳೆಯೋದು ನಿಲ್ಲಿಸಿ ಮಲಗುತ್ತದೆ. ಬೆಳವಣಿಗೆ ನಿಂತರೆ ರೋಗ ಹೋಯಿತು ಅಂದುಕೊಳ್ಳಬೇಡಿ. ಕ್ಷಯಕ್ಕೆ ಕೊಡುವ ಐಸೋನಿಯಜಿಡ್ ಮಾತ್ರೆ ಹೊಡೆಯೋದು ಹೊಸ ಕೋಶಗೋಡೆ ಕಟ್ಟುವ ಕೆಲಸಕ್ಕೆ. ಬೆಳೆಯದೆ ಮಲಗಿರುವವು ಅದರಿಂದ ತಪ್ಪಿಸಿಕೊಳ್ಳುತ್ತವೆ. ಚಿಕಿತ್ಸೆಗೆ ಆರು ತಿಂಗಳು ಬೇಕಾಗುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ನಮ್ಮ ಚಿಕ್ಕಪ್ಪನಿಗೆ ಕ್ಷಯ ಆಗಿತ್ತು. ಎರಡೇ ತಿಂಗಳಿಗೆ ಕೆಮ್ಮು ನಿಂತಿತು, ತೂಕವೂ ಜಾಸ್ತಿಯಾಯಿತು. "ಇನ್ನು ಮಾತ್ರೆ ಸಾಕು ಕಣಮ್ಮಾ" ಅಂದರು. ಯಶವಂತಪುರದ ಅವರ ಮನೆಯಲ್ಲಿ ಕೂತು ಈ ಮಲಗಿರುವ ಬ್ಯಾಕ್ಟೀರಿಯಾದ ಕತೆಯನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವು ಏಳೋ ಹೊತ್ತಿಗೆ ಔಷಧಿ ಒಳಗಿರಬೇಕು, ಅಲ್ವಾ?" ಅಂತ ಕೇಳಿದರು. ಉಳಿದ ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ.