ಮೂರು ವಾರದ ಟ್ಯಾಟೂಗೆ ಟಚ್ ಅಪ್ ಮಾಡಿಸಬಹುದಾ?

ಟ್ಯಾಟೂ ಹಾಕಿಸಿ ಮೂರು ವಾರ ಆಯ್ತು, ಮಂಕಾಗಿದೆ, ಎರಡು ಕಡೆ ಬಣ್ಣವೇ ನಿಂತಿಲ್ಲ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಮುಂಚೆ ಟಚ್ ಅಪ್ (ಬಿಟ್ಟುಹೋದ ಕಡೆ ಮತ್ತೆ ಇಂಕ್ ತುಂಬಿಸೋದು) ಮಾಡಿಸಲಾ, ಸ್ನೇಹಿತರು ಹೇಳಿದ ಹಾಗೆ ಕವರ್ ಅಪ್ (ಮೇಲೆ ಬೇರೆ ಚಿತ್ರ ಹಾಕಿ ಮುಚ್ಚೋದು) ಮಾಡಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಿಮ್ಮ ಟ್ಯಾಟೂ ಕೆಟ್ಟಿದೆ ಅಂತ ಈಗಲೇ ಯಾರೂ ಹೇಳೋಕಾಗಲ್ಲ. ಅದು ಇನ್ನೂ ಮಾಯುತ್ತಿದೆ.

ನಮ್ಮದು ತೀರ್ಥಹಳ್ಳಿ ಹತ್ತಿರದ ಊರು. ಮುಂಗೈ ಒಳಬದಿಗೆ ಅಮ್ಮನ ಹೆಸರು ಬರೆಸಿಕೊಂಡಿದ್ದೆ, ಕನ್ನಡದಲ್ಲೇ. ಹಾಕಿಸಿದ್ದು ಆಷಾಢದಲ್ಲಿ. ಶ್ರಾವಣದಲ್ಲಿ ಚಿಕ್ಕಪ್ಪನ ಮಗಳ ಮದುವೆ, ಅಷ್ಟರಲ್ಲಿ ಎಲ್ಲ ಸರಿಯಾಗಿರುತ್ತೆ ಅನ್ನೋ ಲೆಕ್ಕ. ಮೊದಲ ವಾರ ಚೆನ್ನಾಗೇ ಇತ್ತು. ಆಮೇಲೆ ನವೆ ಶುರುವಾಯ್ತು, ಹೊಟ್ಟು ಉದುರಿತು. ಉದುರಿದ ಮೇಲೆ ನೋಡಿದರೆ ಕಡುಕಪ್ಪು ಅಕ್ಷರ ಬೂದಿ ಬಣ್ಣಕ್ಕೆ ತಿರುಗಿದೆ, ಒಂದು ಒತ್ತಕ್ಷರದ ಬಾಲವೇ ಕಾಣಿಸ್ತಿಲ್ಲ. ನನಗೂ ಆಗ ಹೆಚ್ಚುಕಮ್ಮಿ ನಿಮ್ಮಷ್ಟೇ ದಿನ ಆಗಿತ್ತು.

ಹಾಕಿದವರು "ಒಂದೂವರೆ ತಿಂಗಳು ಕಳೀಲಿ, ಆಮೇಲೆ ಬನ್ನಿ" ಅಂದರು. ನಾನು ಕಾಯಲಿಲ್ಲ. ಬೇರೆ ಒಬ್ಬರ ಹತ್ತಿರ ಹೋದೆ, ಅವರು "ಚಿಕ್ಕ ಕೆಲಸ, ಹತ್ತು ನಿಮಿಷ" ಅಂದು ಸೂಜಿ ಇಟ್ಟೇಬಿಟ್ಟರು. ಮುಂದಿನದ್ದೆಲ್ಲ ಆ ಹತ್ತು ನಿಮಿಷದಿಂದಲೇ ಆಗಿದ್ದು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಟ್ಯಾಟೂ ಇಂಕ್ ಚರ್ಮದ ಮೇಲ್ಪದರದಲ್ಲಿ ಇರುವುದಿಲ್ಲ. ಅದರ ಕೆಳಗಿನ ಪದರದಲ್ಲಿ, ಸುಮಾರು 1ರಿಂದ 2 ಮಿಲಿಮೀಟರ್ ಆಳದಲ್ಲಿ ಇರುತ್ತೆ. ಸೂಜಿ ಚುಚ್ಚಿದಾಗ ಮೇಲಿನ ಪದರ ಗಾಯವಾಗಿ ಉದುರಿಹೋಗಿ, ಅಲ್ಲಿ ಹೊಸ ಚರ್ಮ ಬರುತ್ತೆ. ಈ ಹೊಸ ಚರ್ಮ ಮೊದಮೊದಲು ಈರುಳ್ಳಿಯ ಒಳಸಿಪ್ಪೆಯ ಹಾಗೆ ಹೊಳೆಯುತ್ತೆ, ಮೆಲ್ಲಗೆ ಒತ್ತಿದರೆ ಸಣ್ಣ ಸಣ್ಣ ನಿರಿಗೆ ಬೀಳುತ್ತೆ. ನೀವು ಈಗ ನಿಮ್ಮ ಇಂಕನ್ನು ಅದರ ಮೂಲಕ ನೋಡ್ತಿದ್ದೀರಿ. ಮಂಕಾಗಿ ಕಾಣೋದು ಅದಕ್ಕೆ. ಮೇಲೆ ಮಾಯೋಕೆ ಎರಡು ಮೂರು ವಾರ ಸಾಕು, ಒಳಗೆ ಪೂರ್ತಿ ಕೂಡೋಕೆ ತಿಂಗಳುಗಳೇ ಬೇಕು. ಹೊಳಪು ಹೋಗಿ ಚರ್ಮ ಅಕ್ಕಪಕ್ಕದ ಹಾಗೇ ಆದ ಮೇಲೆ ಎಷ್ಟೋ ಸಲ ಅರ್ಧ ಮಂಕು ತಾನಾಗೇ ಹೋಗುತ್ತೆ. ನನ್ನ ಆ ಒತ್ತಕ್ಷರದ ಬಾಲವೂ ಹಾಗೇ ಕಾಣಿಸಿಕೊಳ್ತಿತ್ತೋ ಏನೋ.

ಅಂಥ ಎಳೆ ಚರ್ಮದ ಮೇಲೆ ಮತ್ತೆ ಸೂಜಿ ಓಡಿಸಿದರೆ ಅದು ತಡೆಯಲ್ಲ. ಗಾಯದ ಮೇಲೆ ಗಾಯ ಆಗುತ್ತೆ. ರಕ್ತ ಜಾಸ್ತಿ ಬರುತ್ತೆ, ರಕ್ತದ ಜೊತೆ ಇಂಕೂ ಹೊರಗೆ ಬರುತ್ತೆ. ಆಳದ ಅಂದಾಜು ತಪ್ಪಿ ತೀರಾ ಒಳಗೆ ಹೋದರೆ ಗೆರೆಯ ಸುತ್ತ ನೀಲಿ ನೆರಳಿನ ಹಾಗೆ ಇಂಕ್ ಹರಡುತ್ತೆ. ನನಗೆ ಅಷ್ಟೂ ಆಯ್ತು. ಮಾರನೇ ದಿನ ನೀರು ಒಸರತೊಡಗಿತು. ಮೊದಲ ಸಲ ಬರೀ ತೆಳು ಹೊಟ್ಟು ಉದುರಿತ್ತು, ಈ ಸಲ ದಪ್ಪ ಹಕ್ಕಳೆ ಕಟ್ಟಿತು.

ಅದರ ಮೇಲೆ ನಮ್ಮ ಮಳೆ. ಅಡಿಕೆಯ ಕೊಳೆರೋಗಕ್ಕೆ ತೋಟದಲ್ಲಿ ಔಷಧಿ ಹೊಡೆಯೋ ಸಮಯ, ಮನೆಯಲ್ಲಿ ಎಲ್ಲರಿಗೂ ಕೆಲಸ. ಮೈಲುತುತ್ತ, ಸುಣ್ಣ ಕಲಸುವಾಗ ಕೈಗೆ ಹಾರಬಾರದು ಅಂತ ತುಂಬುತೋಳಿನ ಅಂಗಿ ಹಾಕ್ತಿದ್ದೆ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಣಗೋದು ಹೇಗೆ ಅಂತ ನಿಮಗೇ ಗೊತ್ತು. ಬಚ್ಚಲ ಒಲೆ ಮೇಲೆ ಹಗ್ಗಕ್ಕೆ ಹಾಕಿ ಹೊಗೆ ವಾಸನೆ ಬರಿಸಿದರೂ ತೋಳಿನ ಮಡಿಕೆಯಲ್ಲಿ ತೇವ ಉಳಿದೇ ಇರುತ್ತೆ. ಆ ತೇವಕ್ಕೆ ಹಕ್ಕಳೆ ಮೆತ್ತಗಾಗಿ ಬಟ್ಟೆಗೆ ಅಂಟಿಕೊಳ್ತಿತ್ತು. ಒಂದು ಸಂಜೆ ಅಂಗಿ ತೆಗೆಯುವಾಗ ಕಿತ್ತೇ ಬಂತು. ತೋಳಿನ ಒಳಗೆ ಅಂಟಿದ್ದ ಆ ಚೂರನ್ನು ಬೆಳಕಿಗೆ ಹಿಡಿದು ನೋಡಿದೆ, ಅದರಲ್ಲಿ ಅಕ್ಷರದ ಕೊಂಬು ಕಪ್ಪಗೆ ಹಾಗೇ ಇತ್ತು. ಕೈ ಮೇಲೆ ಆ ಜಾಗದಲ್ಲಿ ಉಳಿದದ್ದು ಗುಲಾಬಿ ಬಣ್ಣದ ಗುಂಡಿ.

(ಬಟ್ಟೆ ಅಂಟಿಕೊಂಡರೆ ಎಳೆಯಬೇಡಿ. ಕಾಸಿ ಆರಿಸಿದ ನೀರು ಹಾಕಿ ನೆನೆಸಿ, ತಾನಾಗೇ ಬಿಡುತ್ತೆ.)

ಮದುವೆಗೆ ಉದ್ದ ತೋಳಿನದ್ದೇ ಹಾಕಿಕೊಂಡು ಹೋದೆ. ಗುಂಡಿ ತುಂಬಿಕೊಂಡಿತು, ಆದರೆ ಸಮವಾಗಿ ಅಲ್ಲ, ಉಬ್ಬಿಕೊಂಡು. ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದಾಗ ನಂಜಲ್ಲ, ದಪ್ಪ ಕಲೆ ಅಂದರು. ಸಿಲಿಕೋನ್ ಜೆಲ್ ಕೊಟ್ಟರು. ಕಲೆ ಚಪ್ಪಟೆಯಾಗಿ ಬಣ್ಣ ಬಿಡುವವರೆಗೆ, ಅಂದರೆ ಕಡಿಮೆ ಅಂದರೂ ಒಂದು ವರ್ಷ, ಅದರ ಮೇಲೆ ಸೂಜಿ ಬೇಡ ಅಂದರು. ಮನೆಯಲ್ಲಿ ಯಾರಿಗಾದರೂ ಕಿವಿ ಚುಚ್ಚಿದ ಜಾಗ ಗಂಟು ಗಂಟಾಗಿ ಬೆಳೆದಿದೆಯಾ ಅಂತಲೂ ಕೇಳಿದರು. ಅದಕ್ಕೆ ಕೀಲಾಯ್ಡ್ ಅಂತಾರೆ. ನಿಮ್ಮ ಮನೆಯಲ್ಲಿ ಆ ಗುಣ ಇದ್ದರೆ ಟಚ್ ಅಪ್ ವಿಚಾರವನ್ನೇ ಬಿಟ್ಟುಬಿಡಿ.

ಇನ್ನು ಕವರ್ ಅಪ್. ಅದು ಗೋಡೆಗೆ ಬಣ್ಣ ಹೊಡೆದ ಹಾಗಲ್ಲ. ಹೊಸ ಇಂಕೂ ಹಳೆಯದು ಇರೋ ಪದರದಲ್ಲೇ ಹೋಗಿ ಕೂರುತ್ತೆ, ಎರಡೂ ಸೇರಿಯೇ ಕಾಣಿಸುತ್ತೆ. ಅದಕ್ಕೆ ಕವರ್ ಅಪ್ ಯಾವಾಗಲೂ ಹಳೆಯದಕ್ಕಿಂತ ಗಾಢ, ಸಾಮಾನ್ಯವಾಗಿ ಎರಡು ಮೂರು ಪಟ್ಟು ದೊಡ್ಡದು. ಕಪ್ಪಿನ ಮೇಲೆ ಹಳದಿ, ಬಿಳಿ ನಿಲ್ಲಲ್ಲ. ಉಬ್ಬಿದ ಕಲೆಯನ್ನಂತೂ ಯಾವ ಇಂಕೂ ಚಪ್ಪಟೆ ಮಾಡಲ್ಲ. ಕೊನೆಗೆ ನಾನು ಅಮ್ಮನ ಹೆಸರಿನ ಮೇಲೆ ಜರೀಗಿಡದ ಎಲೆಗಳನ್ನು ಬಿಡಿಸಿಕೊಂಡೆ. ಎಲೆಯ ಏರಿಳಿತದಲ್ಲಿ ಉಬ್ಬು ಸ್ವಲ್ಪ ಮರೆಯಾಗುತ್ತೆ ಅಂತ ಕಲಾವಿದರೇ ಅದನ್ನು ಹೇಳಿದ್ದು. ಈಗ ಎಲೆಗಳು ಮೊಣಕೈವರೆಗೆ ಇವೆ. ಚೆನ್ನಾಗಿವೆ. ಆದರೆ ನನಗೆ ಬೇಕಿದ್ದದ್ದು ಆ ಹೆಸರು. ಮೂರು ವಾರದ ಟ್ಯಾಟೂ ಮೇಲೆ ಕವರ್ ಅಪ್ ಅನ್ನೋ ನಿಮ್ಮ ಸ್ನೇಹಿತರ ಸಲಹೆ ನನಗೆ ಒಪ್ಪಿಗೆಯಿಲ್ಲ.

ಟ್ಯಾಟೂ ಅಳಿಸೋ ಲೇಸರ್ ಬಗ್ಗೆಯೂ ಕೇಳಿದ್ದೀರಿ. ಕಪ್ಪು ಇಂಕಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತೆ, ಆದರೆ ಒಂದು ಸಲದಿಂದ ಇನ್ನೊಂದಕ್ಕೆ ಆರರಿಂದ ಎಂಟು ವಾರ ಬಿಡಬೇಕು. ನಮ್ಮ ಕಂದು ಚರ್ಮಕ್ಕೆ 1064 ನ್ಯಾನೋಮೀಟರ್ ಲೇಸರ್ ಹೆಚ್ಚು ಸುರಕ್ಷಿತ, ತಪ್ಪು ಮೆಷಿನ್ ಆದರೆ ಬಿಳಿ ಮಚ್ಚೆ ಉಳಿಯಬಹುದು. ಬ್ಯೂಟಿ ಪಾರ್ಲರಿನಲ್ಲಿ ಮಾಡಿಸಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ. ನಿಮಗೆ ಈಗ ಅದೂ ಬೇಕಿಲ್ಲ.

ಜಾತ್ರೆಗೆ ಮುಂಚೆ ಆಗಲೇಬೇಕು ಅಂತೀರಲ್ಲ, ಅದೇ ನನಗೆ ಹೆದರಿಕೆ. ಈಗ ಟಚ್ ಅಪ್ ಮಾಡಿಸಿದರೆ ಎಳ್ಳಮಾವಾಸ್ಯೆ ದಿನ ನಿಮ್ಮ ಕೈಯಲ್ಲಿ ಹಸಿ ಗಾಯ ಇರುತ್ತೆ. ಹಸಿ ಗಾಯ ಇಟ್ಟುಕೊಂಡು ಅಷ್ಟು ಜನ ಮುಳುಗಿ ಏಳುವ, ತುಂಗಾ ನದಿಯ ರಾಮಕುಂಡಕ್ಕೆ ಇಳೀತೀರಾ? ಮಂಕು ಟ್ಯಾಟೂ ಇಟ್ಟುಕೊಂಡೇ ಹೋಗಿ, ಹಕ್ಕಳೆ ಪೂರ್ತಿ ಉದುರಿ ಚರ್ಮ ಕೂಡಿದ್ದರೆ ತೀರ್ಥಸ್ನಾನವನ್ನೂ ಮಾಡಿ.

ಅಲ್ಲಿಯವರೆಗೆ ದಿನಕ್ಕೆರಡು ಸಲ ವಾಸನೆಯಿಲ್ಲದ ಸೋಪು ಹಾಕಿ ತೊಳೆದು, ಒತ್ತಿ ಒರೆಸಿ, ತೆಳ್ಳಗೆ ಮಾಯಿಶ್ಚರೈಸರ್ ಹಚ್ಚಿ. ಅರಿಶಿನ, ಕೊಬ್ಬರಿ ಎಣ್ಣೆ ಮೆತ್ತಬೇಡಿ, ಅಜ್ಜಿ ಹೇಳಿದರೂ. ಅಡಿಕೆ ಸುಲಿಯೋಕೆ ಕೂತರೆ ಕೈಗೆ ಚೊಗರು ತಾಗದ ಹಾಗೆ ನೋಡಿಕೊಳ್ಳಿ. ಕೆಂಪು ದಿನೇ ದಿನೇ ಹರಡಿದರೆ, ಮುಟ್ಟಿದರೆ ಬಿಸಿಯಿದ್ದರೆ, ಕೀವು ಅಥವಾ ಜ್ವರ ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಇದ್ಯಾವುದೂ ಇಲ್ಲದಿದ್ದರೆ ಶಿವರಾತ್ರಿ ಹೊತ್ತಿಗೆ, ಹಗಲು ಬೆಳಕಿನಲ್ಲಿ ಒಮ್ಮೆ ನೋಡಿ. ಆ ಎರಡು ಜಾಗ ಆಗಲೂ ಖಾಲಿ ಇದ್ದರೆ, ಮೊದಲು ಹಾಕಿದವರ ಹತ್ತಿರವೇ ಹೋಗಿ ಅಷ್ಟಕ್ಕೆ ಮಾತ್ರ ತುಂಬಿಸಿಕೊಳ್ಳಿ.