1853ರ ಎನ್‌ಫೀಲ್ಡ್ ರೈಫಲ್ಲಿಗೆ ಎಂಥ ಗುಂಡು, ಎಷ್ಟು ಮದ್ದು?
ಈ ರೈಫಲ್ಲಿನ ನಳಿಗೆಯ ಒಳವ್ಯಾಸ ಕಾಗದದ ಮೇಲೆ 0.577 ಇಂಚು, ಆದರೆ 150 ವರ್ಷ ಸವೆದ ನಳಿಗೆಯ ನಿಜವಾದ ಅಳತೆ ಬೇರೆಯೇ ಇರಬಹುದಾದ್ದರಿಂದ, ಮೆತ್ತನೆಯ ಸೀಸದ ತುಂಡೊಂದನ್ನು ಅದರೊಳಗೆ ದೂಡಿ ಮೈಕ್ರೋಮೀಟರಿನಲ್ಲಿ ಅಳೆಯದೆ ಗುಂಡನ್ನು ಆರಿಸಬಾರದು. ಬಾಯಿಯಿಂದ ತುಂಬುವ ಬಂದೂಕಾದ್ದರಿಂದ ಗುಂಡು ನಳಿಗೆಗಿಂತ ತುಸು ಕಿರಿದಾಗಿರಬೇಕು. ಮದ್ದು ಸಿಡಿದಾಗ ಅದರ ಟೊಳ್ಳು ಬುಡ ಅರಳಿ ನಳಿಗೆಯ ಸುರುಳಿಗೆರೆಗಳನ್ನು ಕಚ್ಚಿಕೊಳ್ಳುತ್ತದೆ. ಇದಕ್ಕೆ ಉಗುರಿನಿಂದ ಗೀರಿದರೆ ಗೆರೆ ಮೂಡುವಷ್ಟು ಮೃದುವಾದ ಶುದ್ಧ ಸೀಸವೇ ಬೇಕು, ತವರ ಬೆರೆತರೆ ಬುಡ ಸರಿಯಾಗಿ ಅರಳುವುದಿಲ್ಲ. ಬ್ರಿಟಿಷ್ ಸೇನೆಯ ತೋಟೆಯಲ್ಲಿ, ಅಂದರೆ ಗುಂಡು ಮದ್ದು ಸೇರಿಸಿ ಸುತ್ತಿದ ಕಾಗದದ ಪೊಟ್ಟಣದಲ್ಲಿ (1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ್ದು ಇದಕ್ಕೆ ಸವರಿದ ಕೊಬ್ಬಿನ ಸುದ್ದಿಯೇ) ಸುಮಾರು 530 ಗ್ರೇನ್ (ಸುಮಾರು 34 ಗ್ರಾಂ) ತೂಕದ ಗುಂಡಿಗೆ ಎರಡೂವರೆ ಡ್ರಾಮ್, ಅಂದರೆ ಸುಮಾರು 68 ಗ್ರೇನ್ (ಸುಮಾರು 4.4 ಗ್ರಾಂ) ಕಪ್ಪು ಮದ್ದಿರುತ್ತಿತ್ತು. ಪರಿಣತರಿಂದ ಪರೀಕ್ಷೆ ಮಾಡಿಸಿದ ಹಳೆಯ ನಳಿಗೆಗೂ ಇದಕ್ಕಿಂತ ಕಡಿಮೆಯಿಂದ ಆರಂಭಿಸುವುದು ಮೇಲು. ಹೊಗೆರಹಿತ ಮದ್ದನ್ನಂತೂ ಚಿಟಿಕೆಯಷ್ಟೂ ಹಾಕಕೂಡದು.