ಓದುಗರ ಪ್ರಶ್ನೆ, ವೈದ್ಯರ ಉತ್ತರ: ರಕ್ತ ಕೊಟ್ಟದ್ದು ಎಷ್ಟನೇ ದಿನ?

ಈ ಸಲ ಹೆಚ್ಚಿನ ಪತ್ರಗಳು ರಿಪೋರ್ಟಿನ ಝೆರಾಕ್ಸ್ ಸಮೇತ ಬಂದಿವೆ. ಅಂಕೆಗಳೆಲ್ಲ ಇವೆ. ಆದರೆ ರಕ್ತ ತೆಗೆದದ್ದು ಜ್ವರ ಹತ್ತಿದ ಎಷ್ಟನೇ ದಿನ, ಗುಳಿಗೆ ನುಂಗಿ ಎಷ್ಟು ಹೊತ್ತಾದ ಮೇಲೆ ಎಂಬುದನ್ನು ಬಹುತೇಕ ಯಾರೂ ಬರೆದಿಲ್ಲ. ಕೆಳಗಿನ ಪ್ರಶ್ನೆಗಳಲ್ಲಿ ಅರ್ಧದಷ್ಟು ಗೊಂದಲ ಅಲ್ಲೇ ಇದೆ.

ಪ್ರಶ್ನೆ: ಫೆಬ್ರವರಿಯಲ್ಲಿ ನಮ್ಮ ಯಜಮಾನರು ಬೆಟ್ಟದಿಂದ ದರಕು (ಒಣ ಎಲೆ) ತಂದ ವಾರದೊಳಗೆ ಅವರಿಗೆ ಜೋರು ಜ್ವರ, ತಲೆನೋವು, ಕಣ್ಣು ಕೆಂಪು. ಮೂರನೇ ದಿನ ಖಾಸಗಿ ಲ್ಯಾಬಿನಲ್ಲಿ ಡೆಂಗ್ಯೂ, ಮಲೇರಿಯಾ, ಟೈಫಾಯ್ಡ್ ಎಲ್ಲ ನೆಗೆಟಿವ್; ಪ್ಲೇಟ್‌ಲೆಟ್ ಮಾತ್ರ 90 ಸಾವಿರ. ಆರನೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಂಗನ ಕಾಯಿಲೆ ಎಂದರು. ಮೊದಲ ಲ್ಯಾಬಿನವರು ತಪ್ಪು ಮಾಡಿದರೇ? ಈಗ ಜ್ವರ ಬಿಟ್ಟು ಐದು ದಿನವಾಯಿತು, ತೋಟದ ಕೆಲಸಕ್ಕೆ ಹೋಗಬಹುದೇ? ಇದಕ್ಕೆ ಲಸಿಕೆ ಇದೆಯೇ? (ಸಿದ್ದಾಪುರ ಕಡೆಯ ಓದುಗರು)

ಉತ್ತರ: ಲ್ಯಾಬಿನ ತಪ್ಪಲ್ಲ. ಕೇಳಿದ್ದಕ್ಕೆ ಅವರು ಉತ್ತರ ಕೊಟ್ಟಿದ್ದಾರೆ. ಮಂಗನ ಕಾಯಿಲೆಯ ಬಗ್ಗೆ ಅವರನ್ನು ಯಾರೂ ಕೇಳಿಯೇ ಇಲ್ಲ. ಈ ವೈರಸ್ಸಿನ ಪರೀಕ್ಷೆ ಪೇಟೆಯ ಲ್ಯಾಬಿನ 'ಜ್ವರದ ಪ್ಯಾಕೇಜ್'ನಲ್ಲಿ ಇರುವುದಿಲ್ಲ. ತಾಲೂಕು ಆಸ್ಪತ್ರೆಯಿಂದ ರಕ್ತದ ಮಾದರಿ ಐಸ್ ಪೆಟ್ಟಿಗೆಯಲ್ಲಿ ಶಿವಮೊಗ್ಗದ ವಿಡಿಎಲ್‌ನಂಥ, ವೈರಸ್ ಪತ್ತೆ ಮಾಡುವ ಸರ್ಕಾರಿ ಪ್ರಯೋಗಾಲಯಕ್ಕೆ ಹೋಗಬೇಕು. ಜೊತೆಗೆ ಹೋಗುವ ಫಾರಂನಲ್ಲಿ ಜ್ವರ ಶುರುವಾದ ತಾರೀಕಿಗೆ ಒಂದು ಕಾಲಂ ಇರುತ್ತದೆ. ಅದನ್ನು ಅಂದಾಜಿನಲ್ಲಿ ತುಂಬಿಸಬೇಡಿ. ಮೊದಲ ದಿನಗಳಲ್ಲಿ ವೈರಸ್ ರಕ್ತದಲ್ಲೇ ಓಡಾಡುತ್ತಿರುತ್ತದೆ, ಆರ್‌ಟಿ-ಪಿಸಿಆರ್ ಅದನ್ನು ನೇರ ಹಿಡಿಯುತ್ತದೆ. ಐಜಿಎಂ ಎಂಬ ಪ್ರತಿಕಾಯ ಕಾಣಿಸಿಕೊಳ್ಳುವುದು ಸುಮಾರು ಐದನೇ ದಿನದಿಂದ. ಎರಡನೇ ದಿನ ಐಜಿಎಂ ಮಾತ್ರ ನೋಡಿ ನೆಗೆಟಿವ್ ಎಂದರೆ ಅದಕ್ಕೆ ಅರ್ಥವಿಲ್ಲ. ಮೂರನೇ ವಾರ ಪಿಸಿಆರ್ ನೆಗೆಟಿವ್ ಎಂದರೂ ಅಷ್ಟೇ.

ಪರೀಕ್ಷೆಗೆ ಮೊದಲೇ ಸಂಶಯ ಹುಟ್ಟಬೇಕಾದ ಲಕ್ಷಣಗಳು ನಿಮ್ಮ ಪತ್ರದಲ್ಲೇ ಇವೆ: ಡಿಸೆಂಬರಿನಿಂದ ಮೇ ಒಳಗಿನ ಜ್ವರ, ಅದಕ್ಕೆ ಮೂರರಿಂದ ಎಂಟು ದಿನ ಹಿಂದೆ ಕಾಡಿಗೋ ಬೆಟ್ಟಕ್ಕೋ ಹೋದದ್ದು, ಹಣೆ ಸೀಳುವಂಥ ತಲೆನೋವು, ಸೊಂಟ-ಮೀನಖಂಡಗಳ ನೋವು, ಕೆಂಪು ಕಣ್ಣು, ಇಳಿದ ಪ್ಲೇಟ್‌ಲೆಟ್. ರಿಪೋರ್ಟಿನಲ್ಲಿ ಬಿಳಿ ರಕ್ತಕಣವೂ 2,800 ಇದೆ, ಅದೂ ಈ ಕಾಯಿಲೆಗೆ ಹೊಂದುತ್ತದೆ. ಸುತ್ತಮುತ್ತ ಮಂಗ, ಮುಸಿಯ ಸತ್ತು ಬಿದ್ದಿದ್ದರೆ ಆ ಮಾತನ್ನು ಡಾಕ್ಟರಿಗೆ ಹೇಳಲೇಬೇಕು.

ಇದಕ್ಕೆಂದೇ ವೈರಸ್ ಕೊಲ್ಲುವ ಔಷಧಿ ಇಲ್ಲ. ದ್ರವ, ವಿಶ್ರಾಂತಿ, ಜ್ವರಕ್ಕೆ ಪ್ಯಾರಾಸಿಟಮಾಲ್ (ದೊಡ್ಡವರಿಗೆ 500ರಿಂದ 650 ಮಿಲಿಗ್ರಾಂ, ಆರು ಗಂಟೆಗೊಮ್ಮೆ), ರಕ್ತಸ್ರಾವದ ಮೇಲೆ ಕಣ್ಣು. ಕೆಡುವುದು ಎಲ್ಲಿ ಎಂದರೆ, ಮೈಕೈ ನೋವು ತಡೆಯಲಾರದೆ ಹಾಕಿಸಿಕೊಳ್ಳುವ ಡೈಕ್ಲೊಫೆನಾಕ್ ಇಂಜೆಕ್ಷನ್ನಿನಲ್ಲಿ. ಪ್ಲೇಟ್‌ಲೆಟ್ ಇಳಿದವರಿಗೆ ಅದು, ಆಸ್ಪಿರಿನ್, ಐಬುಪ್ರೊಫೆನ್ ಎಲ್ಲವೂ ರಕ್ತಸ್ರಾವಕ್ಕೆ ದಾರಿ.

ಇನ್ನು ತೋಟದ ಕೆಲಸ. ಸದ್ಯ ಬೇಡ. ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಜ್ವರ ಬಿಟ್ಟ ಒಂದೆರಡು ವಾರದಲ್ಲಿ ಎರಡನೇ ಸುತ್ತು ಬರುತ್ತದೆ, ಅದು ಮಿದುಳಿಗೆ ಹೋಗುವ ಸುತ್ತು: ಮತ್ತೆ ಜ್ವರ, ಕುತ್ತಿಗೆ ಬಿಗಿತ, ಕೈ ನಡುಕ, ಮಂಕು, ಮಾತಿನಲ್ಲಿ ಗೊಂದಲ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆ. ಒಟ್ಟು ರೋಗಿಗಳಲ್ಲಿ ಸಾವಿನ ಪ್ರಮಾಣ ಶೇಕಡಾ 3ರಿಂದ 5. ಉಣುಗು ಕಚ್ಚಿ ಬರುವ ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಹಾಗಾಗಿ ಅವರ ತಟ್ಟೆ-ಲೋಟ ಬೇರೆ ಇಡಬೇಕಿಲ್ಲ.

ಲಸಿಕೆಯ ಬಗ್ಗೆಯೂ ಕೇಳಿದ್ದೀರಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆಗೆ ದಶಕಗಳ ಕಾಲ ಕೊಟ್ಟ ಲಸಿಕೆಯನ್ನು 2005ರಿಂದ 2010ರವರೆಗಿನ ಲೆಕ್ಕ ಹಿಡಿದು ಪರಿಶೀಲಿಸಿದಾಗ, ಎರಡು ಡೋಸಿಗೆ ಶೇಕಡಾ 62, ಬೂಸ್ಟರ್ ಸೇರಿದರೆ 83ರಷ್ಟು ರಕ್ಷಣೆ ಕಂಡಿತ್ತು. ಆ ಹಳೆಯ ಲಸಿಕೆಯನ್ನು ಈಗ ಕೊಡುತ್ತಿಲ್ಲ. ಉಳಿದಿರುವುದು ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ತೈಲ, ತುಂಬು ತೋಳಿನ ಅಂಗಿ, ಬೆಟ್ಟದಿಂದ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪಿನ ಸ್ನಾನ. ಉಣುಗು ಕಚ್ಚಿಕೊಂಡಿದ್ದರೆ ಉಗುರಿನಲ್ಲಿ ಚಿವುಟಬೇಡಿ. ಚಿಮುಟದಲ್ಲಿ ಚರ್ಮಕ್ಕೆ ತಾಗಿದಲ್ಲೇ ಹಿಡಿದು ನೇರ ಮೇಲೆತ್ತಿ.

ಪ್ರಶ್ನೆ: ಮಗನಿಗೆ ಜ್ವರ ಬಂದ ಎರಡನೇ ದಿನವೇ ವಿಡಾಲ್ 1:80 ಪಾಸಿಟಿವ್ ಬಂತು. ಟೈಫಾಯ್ಡ್ ಖಚಿತವೇ? (ಭಟ್ಕಳ)

ಉತ್ತರ: ಅಲ್ಲ. ಎರಡನೇ ದಿನಕ್ಕೆ ಹೊಸ ಪ್ರತಿಕಾಯ ಹುಟ್ಟುವುದೇ ಇಲ್ಲ, ಮತ್ತು ನಮ್ಮಲ್ಲಿ 1:80 ಎಂಬುದು ಆರೋಗ್ಯವಂತರಲ್ಲೂ ಸಿಗುವ ಅಂಕೆ. ಬೇಕಾದದ್ದು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ. ಆಂಟಿಬಯೋಟಿಕ್‌ನ ಮೊದಲ ಗುಳಿಗೆಗೆ ಮುಂಚೆ, ದೊಡ್ಡವರಾದರೆ ಸುಮಾರು 10 ಮಿಲಿಲೀಟರ್ ರಕ್ತ. ಅದೂ ಎಲ್ಲರನ್ನೂ ಹಿಡಿಯುವುದಿಲ್ಲ, ನಿಜ. ಆದರೆ ಯಾವ ಔಷಧಿ ನಾಟುತ್ತದೆ ಎಂಬುದನ್ನೂ ಅದೇ ಹೇಳುತ್ತದೆ. ಒಂಟಿ ವಿಡಾಲ್ ನಂಬಿ ಪ್ರತಿ ಜ್ವರಕ್ಕೂ ಇಂಜೆಕ್ಷನ್ ಕೋರ್ಸ್ ಹಾಕಿಸುವ ಅಭ್ಯಾಸ ಕರಾವಳಿಯಲ್ಲಿ ಇನ್ನೂ ಹೋಗಿಲ್ಲ.

ಪ್ರಶ್ನೆ: ನಮ್ಮ ಅಣ್ಣನಿಗೆ 48 ವರ್ಷ, ಬೈಪೋಲಾರ್ (ಉನ್ಮಾದ-ಖಿನ್ನತೆ) ಕಾಯಿಲೆಗೆ ಎಂಟು ವರ್ಷದಿಂದ ಲಿಥಿಯಂ 900 ಮಿಲಿಗ್ರಾಂ. ಚೆನ್ನಾಗಿದ್ದ. ಕಳೆದ ತಿಂಗಳು ಬಿಪಿ ಕಂಡಿತೆಂದು ಟೆಲ್ಮಿಸಾರ್ಟನ್ ಮತ್ತು ಹೈಡ್ರೊಕ್ಲೋರೊಥಯಾಜೈಡ್ ಸೇರಿದ ಗುಳಿಗೆ ಕೊಟ್ಟರು, ಉಪ್ಪು ಬಿಡಲು ಹೇಳಿದರು. ಈಗ ಕೈ ನಡುಗಿ ಚಹಾ ಚೆಲ್ಲುತ್ತಾನೆ, ಎರಡು ಸಲ ವಾಂತಿ ಆಯಿತು. ಮನೆಯಲ್ಲಿ ಸಾಣಿಕಟ್ಟಾ ಉಪ್ಪು ಬಳಸುತ್ತೇವೆ, ಅದರಿಂದ ಆಗಿದೆಯೇ? (ಗೋಕರ್ಣ ಕಡೆಯ ಓದುಗರು)

ಉತ್ತರ: ಅಚ್ಚಾಗುವವರೆಗೆ ಕಾಯುವ ಪತ್ರ ಇದಲ್ಲವಾದ್ದರಿಂದ ನಿಮಗೆ ಫೋನಿನಲ್ಲೇ ಹೇಳಿದ್ದೇವೆ: ಮುಂದಿನ ಡೋಸ್ ತಡೆದು, ಅದೇ ದಿನ ಆಸ್ಪತ್ರೆಗೆ. ಇದೇ ಗುಳಿಗೆ ನುಂಗುವ ಉಳಿದವರಿಗಾಗಿ ವಿವರ ಇಲ್ಲಿ.

ಉಪ್ಪು ಯಾವ ಊರಿನದು ಎಂಬುದು ಮುಖ್ಯವಲ್ಲ. ಸಾಣಿಕಟ್ಟಾ ಉಪ್ಪಾಗಲಿ ಪ್ಯಾಕೆಟ್ ಪುಡಿಯಾಗಲಿ, ಒಳಗಿರುವುದು ಸೋಡಿಯಂ. ಮೂತ್ರಪಿಂಡ ಲಿಥಿಯಂ ಅನ್ನು ಹೆಚ್ಚುಕಡಿಮೆ ಸೋಡಿಯಂನಂತೆಯೇ ನಡೆಸಿಕೊಳ್ಳುತ್ತದೆ. ಮೈಯಲ್ಲಿ ಉಪ್ಪು ಕಡಿಮೆಯಾಯಿತೆಂದರೆ ಅದು ಸೋಡಿಯಂ ಜೊತೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಅಣ್ಣನಿಗೆ ಒಂದೇ ತಿಂಗಳಲ್ಲಿ ಮೂರು ಕಡೆಯಿಂದ ಏಟು ಬಿದ್ದಿದೆ: ಊಟದ ಉಪ್ಪು ಹೋಯಿತು, ಥಯಾಜೈಡ್ ಮೂತ್ರದಲ್ಲಿ ಸೋಡಿಯಂ ಹೊರಹಾಕಿತು, ಟೆಲ್ಮಿಸಾರ್ಟನ್ ಕೂಡ ಲಿಥಿಯಂ ಮಟ್ಟ ಏರಿಸುವ ಗುಂಪಿನದೇ. ಮೇಲಿಂದ ಏಪ್ರಿಲ್ಲಿನ ಬೆವರು. ಡೋಸ್ ಅದೇ 900 ಇದ್ದರೂ ರಕ್ತದಲ್ಲಿ ಅದು ಏರಿದೆ.

ಹಾಗೆಂದು ಮನಸ್ಸಿಗೆ ಬಂದಷ್ಟು ಉಪ್ಪು ತಿನ್ನಬೇಕೆಂದಲ್ಲ. ಮಳೆಗಾಲದಲ್ಲಿ ದಿನವೂ ಒಣಮೀನು, ಉಪ್ಪಿನಕಾಯಿ, ಮುಂದಿನ ತಿಂಗಳು ಉಪ್ಪೇ ಇಲ್ಲದ ಪಥ್ಯ, ಇಂಥ ಏರಿಳಿತ ಬೇಡ. ಉಪ್ಪು ಹೆಚ್ಚಾದರೆ ಲಿಥಿಯಂ ಮಟ್ಟ ಕುಸಿದು ಕಾಯಿಲೆ ಮರುಕಳಿಸಬಹುದು. ಬಿಪಿಗೆ ಆಮ್ಲೊಡಿಪಿನ್‌ನಂಥ, ಲಿಥಿಯಂ ತಂಟೆಗೆ ಅಷ್ಟಾಗಿ ಹೋಗದ ಗುಳಿಗೆ ಇದೆ. ಬಿಪಿ ನೋಡುವ ಡಾಕ್ಟರಿಗೂ ಮನೋವೈದ್ಯರ ಚೀಟಿ ತೋರಿಸಿ.

ಮಟ್ಟದ ಪರೀಕ್ಷೆಯಲ್ಲಿ ಎರಡು ಎಡವಟ್ಟು ಪದೇಪದೇ ಆಗುತ್ತವೆ. ಮೊದಲನೆಯದು ಹೊತ್ತಿನದು. ಕೊನೆಯ ಗುಳಿಗೆ ನುಂಗಿ ಸರಿಯಾಗಿ 12 ಗಂಟೆಗೆ ರಕ್ತ ಕೊಡಬೇಕು: ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ, ಬೆಳಗಿನ ಗುಳಿಗೆ ಆಮೇಲೆ. ನುಂಗಿ ಬಸ್ಸು ಹತ್ತಿ ಕುಮಟಾಕ್ಕೆ ಬಂದು ಹನ್ನೊಂದಕ್ಕೆ ರಕ್ತ ಕೊಟ್ಟರೆ ಅಂಕೆ ಸುಳ್ಳೇ ಏರಿರುತ್ತದೆ, ಡಾಕ್ಟರು ಡೋಸ್ ಇಳಿಸುತ್ತಾರೆ, ತಿಂಗಳಲ್ಲಿ ಕಾಯಿಲೆ ಮರಳುತ್ತದೆ. ಎರಡನೆಯದು ಟ್ಯೂಬಿನದು. ಹಸಿರು ಮುಚ್ಚಳದ ಕೆಲವು ಟ್ಯೂಬುಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವುದು ಲಿಥಿಯಂ ಹೆಪಾರಿನ್! ಅದರಲ್ಲಿ ತೆಗೆದರೆ ಟ್ಯೂಬಿನ ಲಿಥಿಯಂ ಕೂಡ ರಿಪೋರ್ಟಿಗೆ ಸೇರುತ್ತದೆ. ಕೆಂಪು ಮುಚ್ಚಳದ ಸಾದಾ ಟ್ಯೂಬ್ ಆಗಬೇಕು. ಸೂಜಿ ಚುಚ್ಚುವ ಮೊದಲು ಟೆಕ್ನಿಷಿಯನ್‌ಗೆ 'ಇದು ಲಿಥಿಯಂ ಲೆವೆಲ್ಲಿಗೆ' ಎಂದರೆ ಸಾಕು, ತಿಳಿಯುತ್ತದೆ.

ದೀರ್ಘಕಾಲ ನುಂಗುವವರಿಗೆ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಗುರಿ. 1.5 ದಾಟಿದರೆ ವಿಷದ ವಲಯ. ವಯಸ್ಸಾದವರಿಗೆ ಅದಕ್ಕೂ ಕೆಳಗೇ ತೊಂದರೆ ಕಾಣಬಹುದು. ಡೋಸ್ ಬದಲಾದ ಐದರಿಂದ ಏಳು ದಿನಕ್ಕೆ ಮತ್ತೆ ನೋಡಬೇಕು, ಅದಕ್ಕಿಂತ ಮೊದಲು ನೋಡಿದರೆ ಮಟ್ಟ ನೆಲೆ ನಿಂತಿರುವುದಿಲ್ಲ. ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ (ಮೂತ್ರಪಿಂಡಕ್ಕೆ), ಟಿಎಸ್‌ಎಚ್ (ಥೈರಾಯ್ಡಿಗೆ), ಕ್ಯಾಲ್ಸಿಯಂ. ಬೆರಳ ತುದಿಯ ಸಣ್ಣ ಕಂಪನ ಮಟ್ಟ ಸರಿಯಿದ್ದಾಗಲೂ ಇರಬಹುದು. ಲೋಟ ಹಿಡಿಯಲಾಗದ ಒರಟು ನಡುಕ, ತೊದಲು, ತೂರಾಟ, ವಾಂತಿ-ಭೇದಿ ಬಂದರೆ ಅದು ಬೇರೆ. ಮಂಡಿನೋವಿಗೆ ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಮಟ್ಟ ಏರಿಸುತ್ತವೆ.

1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದದ ಹತ್ತು ರೋಗಿಗಳಿಗೆ ಲಿಥಿಯಂ ಕೊಟ್ಟು ಫಲ ವರದಿ ಮಾಡಿದ. ಅದೇ ವರ್ಷ ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಮಾರಿ ಸಾವುಗಳಾಗಿ ಅದು ನಿಷೇಧವಾಯಿತು. ಸೋಡಿಯಂ ಬಿಟ್ಟವರಿಗೇ, ಅಳತೆಯಿಲ್ಲದೆ, ರಕ್ತ ನೋಡದೆ ಕೊಟ್ಟದ್ದು. ಗುಳಿಗೆಯನ್ನು ನೀವಾಗಿಯೇ ಕಾಯಂ ನಿಲ್ಲಿಸುವುದು ಮಾತ್ರ ಬೇಡ. ಹಠಾತ್ ಬಿಟ್ಟವರಲ್ಲಿ ಉನ್ಮಾದ ಬೇಗ ಮರಳುತ್ತದೆ.

ಪ್ರಶ್ನೆ: ಖಿನ್ನತೆಗೆ ಸೆರ್ಟ್ರಾಲಿನ್ 50 ಶುರುಮಾಡಿ ಹತ್ತು ದಿನ. ವಾಕರಿಕೆ ಬಿಟ್ಟರೆ ಬೇರೇನೂ ಆಗಿಲ್ಲ. ಬಿಡಲೇ? (ಅಂಕೋಲಾ)

ಉತ್ತರ: ಬಿಡಬೇಡಿ. ಅಡ್ಡಪರಿಣಾಮ ಮೊದಲ ವಾರ, ಗುಣ ಎರಡನೇ ವಾರದ ನಂತರ, ಈ ಗುಳಿಗೆಗಳ ಸ್ವಭಾವವೇ ಹಾಗೆ. ಊಟದ ನಂತರ ನುಂಗಿದರೆ ವಾಕರಿಕೆ ತಗ್ಗುತ್ತದೆ. ನಾಲ್ಕು ವಾರಕ್ಕೂ ಏನೂ ಬದಲಾವಣೆ ಇಲ್ಲವಾದರೆ ಡೋಸೋ ಔಷಧಿಯೋ ಬದಲಾಗಬೇಕು. ಚಡಪಡಿಕೆ ಹೆಚ್ಚಾಗಿ ಸಾಯುವ ಯೋಚನೆ ಬಂದರೆ, ವಿಶೇಷವಾಗಿ ಇಪ್ಪತ್ತೈದರ ಒಳಗಿನವರಿಗೆ, ಆ ದಿನವೇ ಡಾಕ್ಟರಿಗೆ ತಿಳಿಸಿ. ರಾತ್ರಿಯಾದರೆ ಟೆಲಿ-ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡುತ್ತಾರೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು.

ಪ್ರಶ್ನೆ: ತಂಗಿಯ ಖಿನ್ನತೆಗೆ ಹೊಸ ಔಷಧಿಯ ಟ್ರಯಲ್ಲಿಗೆ ಸೇರಿಸಿ ಎಂದು ದೊಡ್ಡ ಆಸ್ಪತ್ರೆಯೊಂದರಲ್ಲಿ ಹೇಳಿದ್ದಾರೆ. ಹದಿನಾಲ್ಕು ಪುಟದ ಇಂಗ್ಲಿಷ್ ಕಾಗದ. 'ಡಮ್ಮಿ ಗುಳಿಗೆ'ಯೂ ಬರಬಹುದಂತೆ. ಇದು ಮೋಸವಲ್ಲವೇ? (ಕಾರವಾರ)

ಉತ್ತರ: ಮೊದಲೇ ಹೇಳಿ ಕೊಡುವುದರಿಂದ ಮೋಸವಲ್ಲ. ಖಿನ್ನತೆಯ ಪ್ರಯೋಗಗಳಲ್ಲಿ ಡಮ್ಮಿ ನುಂಗಿದವರಲ್ಲೂ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಚೇತರಿಸಿಕೊಳ್ಳುತ್ತಾರೆ. ಕಾಲ ಕಳೆದದ್ದು, ವಾರವಾರ ಯಾರೋ ಕೂತು ಕೇಳಿದ್ದು, ನಂಬಿಕೆ, ಎಲ್ಲ ಅದರಲ್ಲಿ ಸೇರಿರುತ್ತದೆ. ಅದನ್ನು ಕಳೆಯದೆ ಗುಳಿಗೆಯ ಸ್ವಂತ ಬಲ ತಿಳಿಯದು. 2018ರಲ್ಲಿ 522 ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ 21 ಖಿನ್ನತೆಯ ಔಷಧಿಗಳೂ ಡಮ್ಮಿಗಿಂತ ಮೇಲು ಎಂದು ಹೇಳಲು ಸಾಧ್ಯವಾದದ್ದು ಇದರಿಂದಲೇ. ಆದರೆ ನಿಮ್ಮ ತಂಗಿ ತೀವ್ರ ಸ್ಥಿತಿಯಲ್ಲಿದ್ದರೆ, ಸಾಯುವ ಮಾತಾಡುತ್ತಿದ್ದರೆ, ಗೊತ್ತಿರುವ ಚಿಕಿತ್ಸೆಯೇ ಮೊದಲು.

ಇಂಗ್ಲಿಷ್ ಕಾಗದಕ್ಕೆ ಸಹಿ ಬೇಡ. ತಂಗಿಗೆ ಅರ್ಥವಾಗುವ ಭಾಷೆಯ ಪ್ರತಿ ಕೇಳಿ, ಮನೆಗೆ ತಂದು ಓದಿ. ಸಹಿ ಅವಳದು, ನಿಮ್ಮ ಒತ್ತಾಯದ್ದಲ್ಲ. ಕಾಗದದಲ್ಲಿ ಸಿಟಿಆರ್‌ಐ ನೋಂದಣಿ ಸಂಖ್ಯೆ ಇದೆಯೇ ನೋಡಿ. ಅದು 2007ರಿಂದ ನಡೆಯುತ್ತಿರುವ, ದೇಶದ ಔಷಧಿ ಪ್ರಯೋಗಗಳ ಸಾರ್ವಜನಿಕ ದಾಖಲೆ, ಸಂಖ್ಯೆ ಹಾಕಿದರೆ ಮೊಬೈಲಿನಲ್ಲೇ ತೆರೆಯುತ್ತದೆ. ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಫೋನ್ ನಂಬರು ಇರಬೇಕು. ಡಾಕ್ಟರನ್ನು ಹೀಗೆ ಕೇಳಿ: ಈಗಿನ ಗುಳಿಗೆ ನಿಲ್ಲಿಸುತ್ತೀರಾ, ಎಷ್ಟು ವಾರ? ನಡುವೆ ಹದಗೆಟ್ಟರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು? ಮುಗಿದ ಮೇಲೆ ಅವಳಿಗೆ ಬಂದದ್ದು ಯಾವ ಗುಳಿಗೆ ಎಂದು ಹೇಳುತ್ತೀರಾ? ಕಾರವಾರದಿಂದ ಓಡಾಟದ ಖರ್ಚು ಯಾರದು? ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೆ 2019ರ ನಿಯಮಗಳಲ್ಲಿ ಅವಕಾಶವಿದೆ. ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಅದರಿಂದ ಮಾಮೂಲಿ ಚಿಕಿತ್ಸೆ ತಪ್ಪಬಾರದು. ಇಷ್ಟಕ್ಕೆ ಮುಖ ಸಿಂಡರಿಸುವವರಾದರೆ ಸೇರಿಸಬೇಡಿ.

ಪ್ರಶ್ನೆ: ನೆಟ್ಟಿ ಕೆಲಸಕ್ಕೆ ಹೋಗುವವರು ಇಲಿ ಜ್ವರ ಬಾರದಂತೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ನುಂಗುತ್ತಾರೆ. ಸರಿಯೇ? (ಹೊನ್ನಾವರ)

ಉತ್ತರ: ಆಧಾರ ಇದೆ, ಮಿತಿಯೂ ಇದೆ. 1982ರಲ್ಲಿ ಪನಾಮಾ ಕಾಡಿನಲ್ಲಿ ತರಬೇತಿಗಿಳಿದ 940 ಅಮೆರಿಕನ್ ಸೈನಿಕರಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೆ 200 ಮಿಲಿಗ್ರಾಂ, ಉಳಿದವರಿಗೆ ಡಮ್ಮಿ ಕೊಟ್ಟರು. ಔಷಧಿ ಗುಂಪಿನಲ್ಲಿ ಒಬ್ಬನಿಗೆ, ಡಮ್ಮಿ ಗುಂಪಿನಲ್ಲಿ 20 ಮಂದಿಗೆ ಇಲಿ ಜ್ವರ ಬಂತು. ಅದು ಕೆಲವೇ ವಾರದ ಕಾಡುವಾಸ. ನಮ್ಮ ಅಂಡಮಾನಿನಲ್ಲಿ ಮಾಡಿದ ಪ್ರಯೋಗದಲ್ಲಿ ಕಾಯಿಲೆ ತಗ್ಗಿತು, ಸೋಂಕು ತಗಲುವುದು ತಗ್ಗಲಿಲ್ಲ. ಹಾಗಾಗಿ ನೆರೆ ನೀರು, ಗಾಯದ ಕಾಲು, ಊರಲ್ಲಿ ಪ್ರಕರಣ ಇರುವಾಗ ಡಾಕ್ಟರ ಚೀಟಿಯ ಮೇಲೆ ನಾಲ್ಕಾರು ವಾರ ಸರಿ. ಇಡೀ ಮಳೆಗಾಲ ಬೇಡ. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಇಲ್ಲ. ಊಟದ ನಂತರ ತುಂಬು ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗಬೇಡಿ, ಅನ್ನನಾಳದಲ್ಲಿ ಅಂಟಿದರೆ ಹುಣ್ಣಾಗುತ್ತದೆ. ಕಬ್ಬಿಣದ ಗುಳಿಗೆ ಅದೇ ಹೊತ್ತಿಗೆ ನುಂಗಿದರೆ ಔಷಧಿ ಮೈಗೆ ಹತ್ತುವುದಿಲ್ಲ.

ನುಂಗಿಯೂ ಜ್ವರ ಬಂದರೆ, ಮೀನಖಂಡ ಮುಟ್ಟಗೊಡದಷ್ಟು ನೋವಿದ್ದರೆ, ಕಣ್ಣು ಪಿಸರಿಲ್ಲದೆ ಕೆಂಪಾದರೆ, ಐಜಿಎಂ ರಿಪೋರ್ಟಿಗೆ ಕಾಯದೆ ಚಿಕಿತ್ಸೆ ಶುರುವಾಗಬೇಕು; ಮೊದಲ ಐದಾರು ದಿನ ಅದು ನೆಗೆಟಿವ್ ಬರುವುದೇ ಹೆಚ್ಚು. ಆಗಿನ ಡೋಸ್ ಬೇರೆ: 100 ಮಿಲಿಗ್ರಾಂ ದಿನಕ್ಕೆರಡು ಸಲ, ಏಳು ದಿನ. ಮೂತ್ರ ಕಡಿಮೆಯಾಗಿದ್ದರೆ, ಕಣ್ಣು ಹಳದಿಯಾಗಿದ್ದರೆ, ಉಸಿರು ಕಟ್ಟಿದರೆ ಗುಳಿಗೆಯ ಮಾತೇ ಇಲ್ಲ, ದಾಖಲಾಗಿ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ನರಕ್ಕೆ ಹೋಗಬೇಕು, ಕ್ರಿಯಾಟಿನಿನ್ ಅದೇ ದಿನ ನೋಡಬೇಕು.